‘ನನ್ನದು’ ಅನ್ನುವ ಮಾತು ಎಲ್ಲಿಯವರೆಗೆ? ಮದುವೆ, ಸಂಸಾರದ ಬಗ್ಗೆ ಹಳೆಯ ಗ್ರೀಕ್ ತತ್ವಜ್ಞಾನಿಗಳು ಹೇಳಿದ್ದೇನು

ಮದುವೆ ಸೀಸನ್ ಶುರುವಾದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಮಾತು ಓಡಾಡುತ್ತದೆ. “ಮದುವೆ ಆಗಿ. ಒಳ್ಳೆ ಹೆಂಡತಿ ಸಿಕ್ಕರೆ ಸುಖವಾಗಿರುತ್ತೀರಿ, ಸಿಗದಿದ್ದರೆ ತತ್ವಜ್ಞಾನಿ ಆಗುತ್ತೀರಿ.” ಕೆಳಗೆ ಸಾಕ್ರಟೀಸ್ ಹೆಸರು. ಆದರೆ ಸಾಕ್ರಟೀಸ್ ತಾನಾಗಿ ಒಂದು ಸಾಲನ್ನೂ ಬರೆದಿಟ್ಟವನಲ್ಲ. ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಮುಖ್ಯವಾಗಿ ಅವನ ಶಿಷ್ಯರಾದ ಪ್ಲೇಟೋ ಮತ್ತು ಕ್ಸೆನೊಫನ್ ಬರೆದದ್ದರಿಂದ. ಅವರಿಬ್ಬರ ಬರಹದಲ್ಲಿ ಈ ಮಾತು ಎಲ್ಲೂ ಇಲ್ಲ.

ಇನ್ನೊಂದು ಕಡೆ, ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ‘ಪತ್ನಿಯರ ಸಾಮ್ಯವಾದ’ ಅನ್ನುವ ಪಾಠ ನೆನಪಿರಬಹುದು. ಪ್ಲೇಟೋ ಅಂಥದ್ದೊಂದು ಹೇಳಿದ್ದ ಅಂತ ಬಾಯಿಪಾಠ ಮಾಡಿ ಬರೆದು ಬರುತ್ತೇವೆ. ಅಷ್ಟು ದೊಡ್ಡ ಮನುಷ್ಯ ಯಾಕೆ ಹಾಗೆ ಹೇಳಿದ ಅಂತ ಕೇಳಲು ಪರೀಕ್ಷೆಯಲ್ಲಿ ಸಮಯ ಇರುವುದಿಲ್ಲ.

ಈಗ ಮಾತ್ರ ಆ ಪ್ರಶ್ನೆಗಳು ನಮ್ಮ ಮನೆಗಳಲ್ಲೇ ಕೇಳಿಬರುತ್ತಿವೆ. ಮದುವೆ ಬೇಕಾ? ಮಕ್ಕಳು ಬೇಕಾ? ಮನೆಕೆಲಸ ಯಾರದು? ಗಂಡನಿಗೆ ಒಂದು ನಿಯಮ, ಹೆಂಡತಿಗೆ ಇನ್ನೊಂದು ಯಾಕೆ? ಸುಮಾರು 2400 ವರ್ಷಗಳ ಹಿಂದೆ ಅಥೆನ್ಸ್ ನಗರದಲ್ಲೂ ಜನ ಇವನ್ನೇ ಕೇಳಿದ್ದರು. ಅವರ ಉತ್ತರಗಳು ಒಂದಕ್ಕೊಂದು ಪೂರ್ತಿ ವಿರುದ್ಧವಾಗಿವೆ. ಆದರೆ ಎಲ್ಲದರ ಬುಡದಲ್ಲಿ ಒಂದೇ ವಿಷಯ ಇದೆ ಅಂತ ನನಗೆ ಅನಿಸುತ್ತದೆ: ‘ನನ್ನದು’, ‘ನಮ್ಮವರು’ ಅಂತ ನಾವು ಯಾರನ್ನು ಕರೆಯುತ್ತೇವೆ, ಆ ಮಾತನ್ನು ಎಷ್ಟು ದೂರ ಹಿಗ್ಗಿಸಬಹುದು ಅನ್ನುವುದು.

ಮನೆ ಅಂದರೆ ಮನೆತನ

ಮೊದಲು ಒಂದು ಪದ ತಿಳಿದುಕೊಳ್ಳೋಣ: ‘ಓಯ್ಕೋಸ್’. ಸುಮ್ನೆ ‘ಮನೆ’ ಅಂತ ಅನುವಾದ ಮಾಡುತ್ತಾರೆ. ಆದರೆ ‘ಅವರದು ದೊಡ್ಡ ಮನೆತನ’ ಅಂತ ನಮ್ಮೂರಲ್ಲಿ ಹೇಳುವಾಗ ಏನೆಲ್ಲ ಅದರಲ್ಲಿ ಸೇರುತ್ತದೋ ಅದು ಓಯ್ಕೋಸ್. ಕಟ್ಟಡ, ಹೊಲ, ದನಕರು, ಗಂಡ ಹೆಂಡತಿ ಮಕ್ಕಳು, ಮನೆದೇವರು, ಮನೆಯ ಸ್ವತ್ತು ಅಂತಲೇ ಲೆಕ್ಕ ಹಾಕುತ್ತಿದ್ದ ಗುಲಾಮರು, ಎಲ್ಲ ಸೇರಿ ಒಂದು ಓಯ್ಕೋಸ್. ಅದನ್ನು ನಡೆಸುವ ವಿದ್ಯೆಗೆ ‘ಓಯ್ಕೊನೊಮಿಯಾ’ ಎಂದು ಹೆಸರು. ಇವತ್ತಿನ ‘ಎಕನಾಮಿಕ್ಸ್’ ಅನ್ನುವ ಪದ ಹುಟ್ಟಿದ್ದು ಅಲ್ಲಿಂದ. ಅಂದರೆ ಸಂಸಾರ ತೂಗಿಸುವುದೇ ಮೊದಲ ಅರ್ಥಶಾಸ್ತ್ರ.

ಅಥೆನ್ಸ್‌ನಲ್ಲಿ ಮದುವೆ ಒಂದು ಓಯ್ಕೋಸ್ ಮತ್ತು ಇನ್ನೊಂದರ ನಡುವಿನ ಒಪ್ಪಂದ. ಹುಡುಗಿಯ ಪರವಾಗಿ ಮಾತಾಡುವವನು ಅವಳ ‘ಕೀರಿಯೋಸ್’. ಅಪ್ಪ, ಅವನಿಲ್ಲದಿದ್ದರೆ ಅಣ್ಣತಮ್ಮಂದಿರು ಅಥವಾ ಹತ್ತಿರದ ಗಂಡಸು. ಅವನು ವರನಿಗೆ ಮಾತು ಕೊಡುವ ಶಾಸ್ತ್ರಕ್ಕೆ ‘ಎಂಗೀಯೆ’ ಎಂದು ಹೆಸರು. ನಮ್ಮ ನಿಶ್ಚಿತಾರ್ಥದ ಹಾಗೆ, ಆದರೆ ಕಾನೂನಿನ ಕಣ್ಣಿನಲ್ಲಿ ಅದಕ್ಕಿಂತ ಗಟ್ಟಿ. ಹುಡುಗಿ ಅಲ್ಲಿ ಇರಲೇಬೇಕು ಅಂತಲೂ ಇರಲಿಲ್ಲ. ಅವಳಿಗೆ ಸಾಮಾನ್ಯವಾಗಿ ಹದಿನಾಲ್ಕೋ ಹದಿನೈದೋ ವರ್ಷ. ಗಂಡಿಗೆ ಮೂವತ್ತರ ಹತ್ತಿರ.

ವರದಕ್ಷಿಣೆಯೂ ಇತ್ತು. ಅದಕ್ಕೊಂದು ಬೇಲಿಯೂ ಇತ್ತು. ಹೆಂಡತಿಯನ್ನು ಬಿಟ್ಟರೆ ಗಂಡ ಅದನ್ನು ತಿರುಗಿ ಕೊಡಬೇಕು. ಕೊಡದೆ ಇಟ್ಟುಕೊಂಡರೆ ವರ್ಷಕ್ಕೆ ಶೇಕಡ 18ರಷ್ಟು ಬಡ್ಡಿ. ಹಣ ಗಂಡನ ಕೈಯಲ್ಲಿದ್ದರೂ ಅದು ಹೆಣ್ಣಿನ ಹಿಂದೆ ಹೋಗಬೇಕಾದ ಹಣ.

ಅಣ್ಣತಮ್ಮಂದಿರಿಲ್ಲದ ಮಗಳ ಅಪ್ಪ ತೀರಿಕೊಂಡರೆ ಅವಳನ್ನು ‘ಎಪಿಕ್ಲೇರೋಸ್’ ಅನ್ನುತ್ತಿದ್ದರು. ಆಸ್ತಿಯ ಜೊತೆ ಬರುವವಳು ಅಂತ ಅರ್ಥ. ಅವಳನ್ನು ಮದುವೆಯಾಗುವ ಹಕ್ಕು ಅಪ್ಪನ ಕಡೆಯ ಹತ್ತಿರದ ಗಂಡಸಿಗೆ. ಅಂದರೆ ಮೊದಲು ಅವಳ ದೊಡ್ಡಪ್ಪನಿಗೋ ಚಿಕ್ಕಪ್ಪನಿಗೋ! ಸೋದರಮಾವನಿಗೆ ಹೆಣ್ಣು ಕೊಡುವುದನ್ನು ಕಂಡ ನಮಗೂ ಇದು ವಿಚಿತ್ರ ಅನಿಸುತ್ತದೆ, ಅಲ್ವಾ? ಆದರೆ ಕಾರಣ ಸರಳ. ಸತ್ತವನ ಜಮೀನು, ಅವನ ಹೆಸರು ಅದೇ ಮನೆತನದಲ್ಲಿ ಉಳಿಯಬೇಕು.

ಕ್ರಿ.ಪೂ. 451ರಲ್ಲಿ ಅಥೆನ್ಸ್‌ನ ನಾಯಕ ಪೆರಿಕ್ಲೀಸ್ ಇನ್ನೊಂದು ಕಾನೂನು ತಂದ. ಅಪ್ಪ ಅಮ್ಮ ಇಬ್ಬರೂ ಅಥೆನ್ಸ್‌ನವರೇ ಆಗಿದ್ದರೆ ಮಾತ್ರ ಮಗುವಿಗೆ ಪೌರತ್ವ. ಅಲ್ಲಿಂದ ಮುಂದೆ ಯಾರು ಯಾರನ್ನು ಮದುವೆಯಾದರು ಅನ್ನುವುದು ಬರೀ ಮನೆಯ ವಿಷಯವಾಗಿ ಉಳಿಯಲಿಲ್ಲ. ಊರಿನ ವಿಷಯವೂ ಆಯಿತು. ತತ್ವಜ್ಞಾನಿಗಳು ಮದುವೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದಕ್ಕೆ ಈ ಹಿನ್ನೆಲೆ ಇದೆ.

ಸಾಕ್ರಟೀಸ್ ಮನೆಯ ಒಂದು ಜಗಳ

ಸಾಕ್ರಟೀಸ್‌ನ ಹೆಂಡತಿ ಕ್ಸಾಂಥಿಪ್ಪೆ. ಮೂವರು ಗಂಡುಮಕ್ಕಳು. ಬಾಯಿ ಜೋರಿನ ಹೆಂಗಸು ಅಂತ ಆಕೆಗೆ ಸಾವಿರಾರು ವರ್ಷದಿಂದ ಹೆಸರು ಬಂದುಬಿಟ್ಟಿದೆ. ಆದರೆ ಪ್ಲೇಟೋ ಆಕೆಯನ್ನು ತೋರಿಸುವುದು ಹೇಗೆ ಗೊತ್ತಾ? ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ವಿಷ ಕುಡಿಯಬೇಕಾದ ದಿನ. ಬೆಳಗ್ಗೆ ಗೆಳೆಯರು ಜೈಲಿನೊಳಗೆ ಹೋದಾಗ ಆಕೆ ಮಗುವನ್ನು ಎತ್ತಿಕೊಂಡು ಗಂಡನ ಪಕ್ಕದಲ್ಲಿ ಕೂತಿದ್ದಾಳೆ. ಅವರನ್ನು ನೋಡಿದ ಕೂಡಲೇ ಅಳುತ್ತಾ, ನಿನ್ನ ಗೆಳೆಯರು ನಿನ್ನ ಜೊತೆ ಮಾತಾಡುವುದು ಇದೇ ಕೊನೆ ಅನ್ನುತ್ತಾಳೆ. ತನ್ನ ದುಃಖಕ್ಕಿಂತ ಮೊದಲು ಗಂಡನಿಗೆ ಮಾತು ಎಷ್ಟು ಇಷ್ಟ ಅನ್ನುವುದು ಆಕೆಗೆ ನೆನಪಾಗಿದೆ.

ಕ್ಸೆನೊಫನ್ ಬರೆದ ಇನ್ನೊಂದು ಸಂದರ್ಭ ಇದೆ. ದೊಡ್ಡ ಮಗ ಲಾಂಪ್ರೋಕ್ಲೀಸ್ ಅಮ್ಮನ ಮೇಲೆ ಸಿಟ್ಟಾಗಿದ್ದಾನೆ. ಅವಳ ಬಾಯಿ ಯಾರಿಗೂ ತಡೆಯಲಾಗುವುದಿಲ್ಲ ಅನ್ನುತ್ತಾನೆ. ಸಾಕ್ರಟೀಸ್ ಬಯ್ಯುವುದಿಲ್ಲ. ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಅವಳು ನಿನ್ನನ್ನು ಯಾವತ್ತಾದರೂ ಕಚ್ಚಿದಳಾ? ಒದ್ದಳಾ? ನೀನು ಚಿಕ್ಕಂದಿನಿಂದ ಹಗಲೂ ರಾತ್ರಿ ಅವಳಿಗೆ ಕೊಟ್ಟ ತೊಂದರೆ ಎಷ್ಟು? ಆಮೇಲೆ ಹೇಳುತ್ತಾನೆ: ತಾಯಿ ತನ್ನ ಜೀವ ಒತ್ತೆಯಿಟ್ಟು ಹೆರುತ್ತಾಳೆ. ತನಗೆ ಒಳ್ಳೆಯದು ಮಾಡುತ್ತಿರುವವರು ಯಾರು ಅಂತ ಮಗುವಿಗೆ ಗೊತ್ತಿಲ್ಲ. ಏನು ಬೇಕು ಅಂತ ಹೇಳಲು ಬಾಯಿಲ್ಲ. ಅವಳೇ ಊಹೆ ಮಾಡಿ ಮಾಡಿ ಸಾಕುತ್ತಾಳೆ. ಅಪ್ಪ ಅಮ್ಮನನ್ನು ನೋಡಿಕೊಳ್ಳದವನನ್ನು ಅಥೆನ್ಸ್ ಅಧಿಕಾರಕ್ಕೂ ಸೇರಿಸುವುದಿಲ್ಲ ಅಂತ ಮಗನಿಗೆ ನೆನಪಿಸುತ್ತಾನೆ.

ವಾಟ್ಸ್ಆ್ಯಪ್‌ನ ಸಾಕ್ರಟೀಸ್‌ಗಿಂತ ಈ ಸಾಕ್ರಟೀಸ್ ನನಗೆ ಜಾಸ್ತಿ ಹತ್ತಿರ.

ಜೇನುಗೂಡಿನ ರಾಣಿ

ಮಧ್ಯಮ ದಾರಿಯ, ಅಂದಿನ ಗೌರವಸ್ಥ ಕುಟುಂಬಗಳ ಯೋಚನೆ ಹೇಗಿತ್ತು ಅಂತ ತಿಳಿಯಬೇಕಾದರೆ ಕ್ಸೆನೊಫನ್ ಬರೆದ ‘ಓಯ್ಕೊನೊಮಿಕೋಸ್’ ನೋಡಬೇಕು. ಅದರಲ್ಲಿ ಸಾಕ್ರಟೀಸ್ ಒಬ್ಬ ಗೆಳೆಯನನ್ನು ಕೇಳುತ್ತಾನೆ: ಹೆಂಡತಿಗಿಂತ ಕಡಿಮೆ ಮಾತು ನೀನು ಇನ್ಯಾರ ಹತ್ತಿರ ಆಡುತ್ತೀಯ? ಅಂಥವರು ಯಾರಾದರೂ ಇದ್ದರೂ ಬಹಳ ಕಡಿಮೆ ಜನ ಅಂತ ಅವನು ಒಪ್ಪಿಕೊಳ್ಳುತ್ತಾನೆ. ಮನೆಯ ಅಷ್ಟೂ ಜವಾಬ್ದಾರಿ ಅವಳ ಕೈಯಲ್ಲಿದೆ, ಮಾತು ಮಾತ್ರ ಇಲ್ಲ.

ಆಗ ಇಸ್ಕೊಮಾಕಸ್ ಅನ್ನುವ ಶ್ರೀಮಂತನ ಕಥೆ ಬರುತ್ತದೆ. ಅವನು ಮದುವೆಯಾದಾಗ ಹೆಂಡತಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಆದಷ್ಟು ಕಡಿಮೆ ನೋಡಬೇಕು, ಕಡಿಮೆ ಕೇಳಬೇಕು, ಕಡಿಮೆ ಪ್ರಶ್ನೆ ಹಾಕಬೇಕು ಅಂತ ಅವಳನ್ನು ಬೆಳೆಸಿದ್ದರು. ಅವನು ಅವಳಿಗೆ ಹೇಳಿದ್ದು ಹೀಗೆ. ದೇವರು ಹೊರಗಿನ ಕೆಲಸಕ್ಕೆ ಗಂಡಸನ್ನೂ ಒಳಗಿನ ಕೆಲಸಕ್ಕೆ ಹೆಂಗಸನ್ನೂ ಮಾಡಿದ. ಆದರೆ ನೆನಪಿನ ಶಕ್ತಿ, ಕಾಳಜಿ, ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು, ಇವನ್ನು ಇಬ್ಬರಿಗೂ ಸಮನಾಗಿ ಕೊಟ್ಟ. ಮನೆಯಲ್ಲಿ ಅವಳು ಜೇನುಗೂಡಿನ ರಾಣಿಯ ಹಾಗೆ. ಯಾರು ಹೊರಗೆ ಹೋಗಬೇಕು ಅಂತ ಕಳಿಸುವವಳು ಅವಳು, ತಂದದ್ದನ್ನು ಲೆಕ್ಕ ಇಟ್ಟು ಹಂಚುವವಳೂ ಅವಳೇ. ಯಾರು ಎಷ್ಟು ತಂದರು ಅಂತ ನಮ್ಮಿಬ್ಬರ ನಡುವೆ ಲೆಕ್ಕ ಬೇಡ, ಎಲ್ಲ ಇಬ್ಬರದೂ ಅನ್ನುತ್ತಾನೆ. ನೀನು ನನಗಿಂತ ಮೇಲು ಅಂತ ತೋರಿಸಿ ನನ್ನನ್ನೇ ನಿನ್ನ ಸೇವಕನನ್ನಾಗಿ ಮಾಡಿಕೊಂಡರೆ ಅದಕ್ಕಿಂತ ಸಂತೋಷ ಇಲ್ಲ ಅಂತಲೂ ಹೇಳುತ್ತಾನೆ.

ಒಳ್ಳೆಯ ಮಾತುಗಳೇ. ಆದರೆ ಗಮನಿಸಿ: ಇಡೀ ಪುಸ್ತಕದಲ್ಲಿ ಆ ಹುಡುಗಿಯ ಹೆಸರು ಒಮ್ಮೆಯೂ ಬರುವುದಿಲ್ಲ. ಅವಳು ಮಾತಾಡಿದ್ದೂ ನಮಗೆ ಕೇಳುವುದು ಗಂಡನ ಬಾಯಿಂದಲೇ.

ಪ್ಲೇಟೋ: ಕಾವಲುಗಾರರಿಗೆ ಮನೆಯೇ ಬೇಡ

ಈಗ ಪರೀಕ್ಷೆಯ ಪ್ರಶ್ನೆಗೆ ಬರೋಣ. ಪ್ಲೇಟೋ ‘ರಿಪಬ್ಲಿಕ್’ನಲ್ಲಿ ಒಂದು ನ್ಯಾಯವಾದ ನಗರವನ್ನು ಕಲ್ಪಿಸುತ್ತಾನೆ. ಅದನ್ನು ಆಳುವವರು, ಕಾಯುವವರು ಒಂದು ವರ್ಗ. ಅವರಿಗೆ ‘ಕಾವಲುಗಾರರು’ ಅನ್ನೋಣ. ಐದನೇ ಭಾಗದಲ್ಲಿ ಅವರ ಬಗ್ಗೆ ಎರಡು ದೊಡ್ಡ ಮಾತು ಹೇಳುತ್ತಾನೆ.

ಮೊದಲನೆಯದು: ಹೆಂಗಸರೂ ಕಾವಲುಗಾರರಾಗಬಹುದು, ಆಳಬಹುದು. ಕಾವಲು ನಾಯಿಗಳಲ್ಲಿ ಹೆಣ್ಣು ಮರಿ ಹಾಕುತ್ತದೆ ಅಂತ ಅದನ್ನು ಮನೆಯಲ್ಲಿ ಕೂರಿಸುತ್ತೇವಾ ಅಂತ ಕೇಳುತ್ತಾನೆ. ಎರಡೂ ಕಾಯುತ್ತವೆ, ಎರಡೂ ಬೇಟೆಗೆ ಬರುತ್ತವೆ. ಹೆಣ್ಣು ಹೆರುತ್ತಾಳೆ, ಗಂಡು ಹೆರುವುದಿಲ್ಲ ಅನ್ನುವ ವ್ಯತ್ಯಾಸ ಆಳುವ ಕೆಲಸಕ್ಕೆ ಸಂಬಂಧವೇ ಇಲ್ಲ. ಬೋಳುತಲೆಯವನು ಚಪ್ಪಲಿ ಹೊಲಿಯುತ್ತಾನೆ ಅಂತ ಕೂದಲಿದ್ದವನು ಹೊಲಿಯಬಾರದು ಅಂದ ಹಾಗೆ ಅದು ಅನ್ನುತ್ತಾನೆ. ಅದೇ ಕೆಲಸ ಇಬ್ಬರೂ ಮಾಡಬೇಕಾದರೆ ಇಬ್ಬರಿಗೂ ಓದು ಒಂದೇ, ತರಬೇತಿ ಒಂದೇ. ಸರಾಸರಿಯಲ್ಲಿ ಹೆಂಗಸರ ಶಕ್ತಿ ಕಡಿಮೆ ಅಂತ ಅವನು ನಂಬಿದ್ದ ಅನ್ನುವುದೂ ನಿಜ. ಆದರೂ ಅಥೆನ್ಸ್‌ನಲ್ಲಿ ನಿಂತು ಇದನ್ನು ಬರೆಯುವುದು ಸಣ್ಣ ಮಾತಲ್ಲ.

ಎರಡನೆಯದು: ಕಾವಲುಗಾರರಿಗೆ ಸ್ವಂತ ಮನೆ, ಸ್ವಂತ ಆಸ್ತಿ, ಸ್ವಂತ ಸಂಸಾರ ಇರಬಾರದು. ಯಾರೂ ಯಾರ ಜೊತೆಗೂ ಬೇರೆ ಮನೆ ಹೂಡುವ ಹಾಗಿಲ್ಲ. ಹಬ್ಬದ ದಿನಗಳಲ್ಲಿ ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ಹೆಂಗಸರಿಗೆ ಹೆರುವ ವಯಸ್ಸು ಇಪ್ಪತ್ತರಿಂದ ನಲವತ್ತು. ಗಂಡಸರಿಗೆ ಐವತ್ತೈದರವರೆಗೆ. ಹುಟ್ಟಿದ ಮಗುವನ್ನು ದಾದಿಯರ ಕೇರಿಗೆ ಒಯ್ಯುತ್ತಾರೆ. ಯಾರ ಮಗು ಯಾರದು ಅಂತ ಹೆತ್ತವರಿಗೂ ತಿಳಿಯಬಾರದು. ಒಂದು ಜೋಡಿಯ ದಿನದಿಂದ ಏಳನೇ ಅಥವಾ ಹತ್ತನೇ ತಿಂಗಳಲ್ಲಿ ಹುಟ್ಟಿದ ಎಲ್ಲರೂ ಆ ಗಂಡಸಿಗೆ ಮಕ್ಕಳೇ. ಆ ಮಕ್ಕಳೆಲ್ಲ ಒಬ್ಬರಿಗೊಬ್ಬರು ಅಣ್ಣತಮ್ಮ, ಅಕ್ಕತಂಗಿಯರೇ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಸರಿ ಮಾಡಿಕೊಳ್ಳಬೇಕು. ಇದು ಇಡೀ ಊರಿಗೆ ಹೇಳಿದ್ದಲ್ಲ. ರೈತರು, ಕುಶಲಕರ್ಮಿಗಳು, ವ್ಯಾಪಾರಿಗಳು ಈ ನಿಯಮಕ್ಕೆ ಬರುವುದಿಲ್ಲ. ಮತ್ತೆ ‘ಪತ್ನಿಯರ ಸಾಮ್ಯವಾದ’ ಅಂದರೆ ಹೆಂಗಸರನ್ನು ಗಂಡಸರು ಹಂಚಿಕೊಳ್ಳುವುದು ಅನ್ನುವ ಹಾಗೆ ಕೇಳುತ್ತದೆ. ಅಲ್ಲಿ ಗಂಡಸಿಗೂ ಸ್ವಂತ ಅಂತ ಯಾರೂ ಇಲ್ಲ, ಹೆಂಗಸಿಗೂ ಇಲ್ಲ. ಬಿಡುಬೀಸು ಬದುಕೂ ಅಲ್ಲ. ಹೆರುವ ವಯಸ್ಸಿನಲ್ಲಿ ಯಾರು ಯಾರ ಜೊತೆ ಅನ್ನುವುದೆಲ್ಲ ಆಳುವವರ ಹಿಡಿತದಲ್ಲಿ.

ಯಾಕೆ ಇಷ್ಟು ಕಠಿಣ? ಪ್ಲೇಟೋಗೆ ಕಾಡಿದ್ದು ‘ನನ್ನದು’ ಅನ್ನುವ ಮಾತು. ನನ್ನ ಮಗ, ನನ್ನ ಅಳಿಯ, ನನ್ನ ಜಮೀನು ಅಂತ ಅಧಿಕಾರದಲ್ಲಿ ಇದ್ದವನು ಯೋಚಿಸಲು ಶುರು ಮಾಡಿದರೆ ಊರು ಒಡೆಯುತ್ತದೆ. ಎಲ್ಲರೂ ಒಂದನ್ನೇ ನೋಡಿ ‘ನನ್ನದು’ ಅಂದರೆ ಊರು ಒಂದೇ ಮೈಯಂತೆ ಆಗುತ್ತದೆ. ಬೆರಳಿಗೆ ಪೆಟ್ಟಾದರೆ ಬೆರಳಿಗೆ ಮಾತ್ರ ನೋವಲ್ಲ, ಇಡೀ ಮನುಷ್ಯನಿಗೆ ನೋವು. ಹಾಗೆ ಒಬ್ಬನ ನೋವು ಎಲ್ಲರದಾಗಬೇಕು. ಮಗನ ಕೆಲಸಕ್ಕೆ, ಅಳಿಯನ ಟೆಂಡರಿಗೆ ಅಧಿಕಾರ ಬಳಕೆಯಾಗುವುದನ್ನು ನೋಡಿದ ಯಾರಿಗಾದರೂ ಪ್ಲೇಟೋನ ಭಯ ಅರ್ಥವಾಗುತ್ತದೆ.

ಆದರೆ ಅವನ ಔಷಧಿಯಲ್ಲಿ ಕಹಿ ಬಹಳ ಇದೆ. ಆ ಚೀಟಿ ನಿಜವಾದ ಚೀಟಿ ಅಲ್ಲ. ಒಳ್ಳೆಯ ತಳಿ ಹುಟ್ಟಲಿ ಅಂತ ಆಳುವವರು ಗುಟ್ಟಾಗಿ ಮೊದಲೇ ತೀರ್ಮಾನ ಮಾಡಿರುತ್ತಾರೆ. ಸಿಗದವನು ತನ್ನ ಅದೃಷ್ಟವನ್ನು ಬೈದುಕೊಳ್ಳಲಿ, ಆಳುವವರನ್ನಲ್ಲ ಅಂತ ಚೀಟಿಯ ನಾಟಕ. ಊನ ಇರುವ ಮಗುವನ್ನು ಯಾರಿಗೂ ತಿಳಿಯದ ಜಾಗದಲ್ಲಿ ಮರೆಮಾಡಬೇಕು ಅಂತಲೂ ಬರೆಯುತ್ತಾನೆ. ಹೆಂಗಸರಿಗೆ ಬಾಗಿಲು ತೆರೆದ ಅದೇ ಪುಟಗಳಲ್ಲಿ ಇದೂ ಇದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸರಿಯಲ್ಲ.

ವಯಸ್ಸಾದ ಮೇಲೆ ಪ್ಲೇಟೋ ‘ಲಾಸ್’ ಅನ್ನುವ ಪುಸ್ತಕ ಬರೆದ. ಅಲ್ಲಿ ಸಂಸಾರ ವಾಪಸ್ ಬಂದಿದೆ. ಅದರ ನಗರದಲ್ಲಿ 5,040 ಮನೆಗಳು. ಗಂಡಸು ಮೂವತ್ತೈದರ ಒಳಗೆ ಮದುವೆಯಾಗಲೇಬೇಕು. ಆಗದಿದ್ದರೆ ವರ್ಷ ವರ್ಷ ದಂಡ: ಅತಿ ಶ್ರೀಮಂತನಿಗೆ 100 ದ್ರಾಖ್ಮ (ಅಂದಿನ ಬೆಳ್ಳಿ ನಾಣ್ಯ), ಕೆಳಗಿಳಿಯುತ್ತಾ 70, 60, ಕೊನೆಯ ವರ್ಗಕ್ಕೆ 30. ಸ್ವಭಾವದಲ್ಲಿ ತನ್ನಂಥವರನ್ನೇ ಹುಡುಕಬೇಡಿ ಅನ್ನುತ್ತಾನೆ. ಬಿಸಿ ರಕ್ತದವನು ಶಾಂತ ಸ್ವಭಾವದವರ ಮನೆಯಿಂದ ತರಲಿ. ಕುದಿಯುವ ದ್ರಾಕ್ಷಾರಸಕ್ಕೆ ನೀರು ಬೆರೆಸಿದರೆ ತಾನೆ ಒಳ್ಳೆಯ ಪಾನೀಯ ಆಗುವುದು. ಇದನ್ನೆಲ್ಲ ಹೇಳಿದ ಪ್ಲೇಟೋ ಮದುವೆಯಾದದ್ದಕ್ಕೆ ಯಾವ ದಾಖಲೆಯೂ ಇಲ್ಲ.

ಅರಿಸ್ಟಾಟಲ್‌ನ ಉತ್ತರ

ಅರಿಸ್ಟಾಟಲ್ (ಕ್ರಿ.ಪೂ. 384–322) ಇಪ್ಪತ್ತು ವರ್ಷ ಪ್ಲೇಟೋ ಜೊತೆಗಿದ್ದವನು. ‘ಪಾಲಿಟಿಕ್ಸ್’ನ ಎರಡನೇ ಭಾಗದಲ್ಲಿ ಗುರುವಿನ ಯೋಜನೆಯನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾನೆ. ಮೊದಲ ಪೆಟ್ಟು: ಎಲ್ಲರಿಗೂ ಸೇರಿದ್ದನ್ನು ಎಲ್ಲಕ್ಕಿಂತ ಕಡಿಮೆ ನೋಡಿಕೊಳ್ಳುತ್ತಾರೆ. ಬೇರೆಯವರು ನೋಡಿಕೊಳ್ಳುತ್ತಾರೆ ಬಿಡು ಅನ್ನುವ ಭಾವನೆ. ಊರಿನ ಬೋರ್‌ವೆಲ್ ಕೆಟ್ಟರೆ ಯಾರು ರಿಪೇರಿಗೆ ಓಡುತ್ತಾರೆ ಅಂತ ಯೋಚಿಸಿದರೆ ಸಾಕು, ಅವನು ಹೇಳುವುದು ತಿಳಿಯುತ್ತದೆ. ಸಾವಿರ ಮಕ್ಕಳಿಗೆ ಸಾವಿರ ಅಪ್ಪಂದಿರಾದರೆ ಒಂದು ಮಗುವಿಗೂ ನಿಜವಾದ ಅಪ್ಪ ಇರುವುದಿಲ್ಲ. ಪ್ಲೇಟೋನ ಊರಲ್ಲಿ ಮಗನಾಗಿರುವುದಕ್ಕಿಂತ ನಿಜವಾದ ಒಬ್ಬನಿಗೆ ದಾಯಾದಿ ತಮ್ಮನಾಗಿರುವುದೇ ಮೇಲು ಅನ್ನುತ್ತಾನೆ.

ಇನ್ನೊಂದು ಹೋಲಿಕೆ ನನಗೆ ತುಂಬಾ ಇಷ್ಟ. ಒಂದು ಚೂರು ಸಿಹಿಯನ್ನು ಕೊಡಗಟ್ಟಲೆ ನೀರಿಗೆ ಹಾಕಿದರೆ ಸಿಹಿಯ ರುಚಿಯೇ ಸಿಗುವುದಿಲ್ಲ. ಅಪ್ಪ, ಮಗ ಅನ್ನುವ ಮಾತುಗಳೂ ಹಾಗೆ ತೆಳ್ಳಗಾಗಿ ಹೋಗುತ್ತವೆ. ಮನುಷ್ಯರು ಒಂದರ ಮೇಲೆ ಪ್ರೀತಿ ಇಟ್ಟು ನೋಡಿಕೊಳ್ಳಲು ಕಾರಣ ಎರಡೇ: ಅದು ನನ್ನದು ಅನ್ನುವುದು, ಅದು ನನಗೆ ಅಪರೂಪದ್ದು ಅನ್ನುವುದು. ಪ್ಲೇಟೋನ ಊರಲ್ಲಿ ಎರಡೂ ಇಲ್ಲ. ಜೊತೆಗೆ ಒಂದು ಸರಳ ವಿಷಯವನ್ನೂ ತೋರಿಸುತ್ತಾನೆ. ಎಷ್ಟು ಮುಚ್ಚಿಟ್ಟರೂ ಮಗುವಿನ ಮುಖದಲ್ಲಿ ಹೋಲಿಕೆ ಕಾಣಿಸುತ್ತದೆ, ಗುಟ್ಟು ಉಳಿಯುವುದಿಲ್ಲ.

ಅವನ ಪ್ರಕಾರ ಮನೆ ಮೊದಲು. ಗಂಡು ಹೆಣ್ಣು ಸೇರಿ ಮನೆ, ಮನೆಗಳು ಸೇರಿ ಹಳ್ಳಿ, ಹಳ್ಳಿಗಳು ಸೇರಿ ನಗರ. ಮನುಷ್ಯ ನಗರದಲ್ಲಿ ಬದುಕುವ ಪ್ರಾಣಿ ಅನ್ನುವ ಅವನ ಮಾತು ಪ್ರಸಿದ್ಧ. ಆದರೆ ನೀತಿಶಾಸ್ತ್ರದ ಪುಸ್ತಕದಲ್ಲಿ, ಮನುಷ್ಯ ಅದಕ್ಕಿಂತಲೂ ಮೊದಲು ಜೋಡಿಯಾಗಿ ಬದುಕುವ ಪ್ರಾಣಿ ಅಂತ ಬರೆದಿದ್ದಾನೆ. ಬೇರೆ ಪ್ರಾಣಿಗಳು ಮರಿಗಾಗಿ ಮಾತ್ರ ಸೇರುತ್ತವೆ. ಮನುಷ್ಯರು ಬದುಕಿಗೆ ಬೇಕಾದ ಎಲ್ಲಕ್ಕೂ ಸೇರುತ್ತಾರೆ, ಕೆಲಸ ಹಂಚಿಕೊಳ್ಳುತ್ತಾರೆ. ಹಾಗಾಗಿ ಅದು ಒಂದು ಗೆಳೆತನ. ಉಪಯೋಗವೂ ಇದೆ, ಸುಖವೂ ಇದೆ. ಇಬ್ಬರೂ ಒಳ್ಳೆಯವರಾದರೆ ಒಬ್ಬರ ಒಳ್ಳೆಯತನದಲ್ಲಿ ಇನ್ನೊಬ್ಬರಿಗೆ ಸಂತೋಷವೂ ಸಿಗುತ್ತದೆ. ಮಕ್ಕಳು ಇಬ್ಬರನ್ನೂ ಕಟ್ಟುವ ಗಂಟು. ಇನ್ನೊಂದು ಸಣ್ಣ ವಿಷಯ ಹೇಳಲೇಬೇಕು. ಗಂಡ ಹೆಂಡತಿಯ ಈ ಜೊತೆಗಾರಿಕೆಗೆ ನಮ್ಮ ಭಾಷೆಯಲ್ಲಿ ಹೆಸರೇ ಇಲ್ಲ ಅಂತ ಅವನು ಬರೆಯುತ್ತಾನೆ. ಕನ್ನಡದಲ್ಲಿ ಅದಕ್ಕೆ ‘ದಾಂಪತ್ಯ’ ಇದೆ.

ಮದುವೆಯ ವಯಸ್ಸು ಹೆಣ್ಣಿಗೆ 18, ಗಂಡಿಗೆ 37ರ ಸುತ್ತ ಅಂತ ಹೇಳುತ್ತಾನೆ. ಗಂಡಿನ ವಯಸ್ಸು ನಮಗೆ ಜಾಸ್ತಿ ಅನಿಸಬಹುದು. ಆದರೆ ಹೆಣ್ಣಿನ ವಯಸ್ಸು ಅಂದಿನ ಅಥೆನ್ಸ್‌ಗಿಂತ ಮೂರ್ನಾಲ್ಕು ವರ್ಷ ಮೇಲೆ. ಕಾರಣವನ್ನೂ ಕೊಡುತ್ತಾನೆ: ಚಿಕ್ಕ ಹುಡುಗಿಯರಿಗೆ ಹೆರಿಗೆ ಕಷ್ಟ, ಸಾಯುವವರು ಜಾಸ್ತಿ. ಬಸುರಿಯರು ಒಂದೇ ಕಡೆ ಕೂರದೆ ದಿನಾ ನಡೆಯಲಿ ಅಂತ, ಹೆರಿಗೆಯ ದೇವತೆಗಳ ಗುಡಿಗೆ ಹೋಗಿ ಬರುವ ನಿಯಮ ಮಾಡಬೇಕು ಅನ್ನುತ್ತಾನೆ. ವೈದ್ಯನ ಮಗ ಅನ್ನುವುದು ಇಲ್ಲಿ ಕಾಣಿಸುತ್ತದೆ.

ಆದರೆ ಮನೆಯಲ್ಲಿ ಯಾರು ಆಳಬೇಕು ಅನ್ನುವ ಪ್ರಶ್ನೆಗೆ ಅವನ ಉತ್ತರ ಪ್ಲೇಟೋಗಿಂತ ಹಿಂದೆ ಹೋಗುತ್ತದೆ. ಗುಲಾಮನಿಗೆ ಯೋಚಿಸಿ ತೀರ್ಮಾನ ಮಾಡುವ ಶಕ್ತಿ ಇಲ್ಲ, ಹೆಂಗಸಿಗೆ ಇದೆ ಆದರೆ ಅದಕ್ಕೆ ಅಧಿಕಾರ ಇಲ್ಲ, ಮಗುವಿಗೆ ಇನ್ನೂ ಬಲಿತಿಲ್ಲ ಅಂತ ಬರೆದ. ಮನೆಯ ಮೂರೂ ಸಂಬಂಧಗಳಲ್ಲಿ ಗಂಡಸು ಮೇಲೆ. ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಸಹಜ ಅಂತ ವಾದ ಮಾಡಿದವನೂ ಇವನೇ. ಮುಂದೆ ಶತಮಾನಗಟ್ಟಲೆ ಅನ್ಯಾಯಕ್ಕೆ ಈ ಸಾಲುಗಳು ಆಸರೆಯಾದವು. ಅದನ್ನು ಮೆದುವಾಗಿ ಹೇಳುವ ಅಗತ್ಯ ಇಲ್ಲ.

ಬೇಡ ಅಂದವರು

ಮದುವೆ, ಮಕ್ಕಳು ಬೇಡ ಅನ್ನುವ ಮಾತು ಇವತ್ತಿನದು ಅಂದುಕೊಂಡರೆ ಅದು ತಪ್ಪು. ಪ್ಲೇಟೋಗೂ ಮೊದಲಿನ ತತ್ವಜ್ಞಾನಿ ಥೇಲೀಸ್‌ನ ಅಮ್ಮ ಮದುವೆ ಆಗು ಅಂತ ಒತ್ತಾಯ ಮಾಡಿದಾಗ ಇನ್ನೂ ಕಾಲ ಬಂದಿಲ್ಲ ಅಂದನಂತೆ. ವಯಸ್ಸಾದ ಮೇಲೆ ಕೇಳಿದಾಗ ಕಾಲ ಮುಗಿಯಿತು ಅಂದನಂತೆ. ಇನ್ನೊಬ್ಬ ತತ್ವಜ್ಞಾನಿ ಡೆಮಾಕ್ರಿಟಸ್ ಇನ್ನೂ ಗಂಭೀರ. ಮಕ್ಕಳನ್ನು ಬೆಳೆಸುವುದು ಅಪಾಯದ ಕೆಲಸ. ಗೆದ್ದರೂ ಅದರ ತುಂಬ ಕಷ್ಟ ಮತ್ತು ಚಿಂತೆ, ಸೋತರೆ ಅದಕ್ಕಿಂತ ದೊಡ್ಡ ದುಃಖ ಇಲ್ಲ. ಮಗು ಬೇಕೇ ಬೇಕು ಅಂದರೆ ಗೆಳೆಯರ ಮಗುವನ್ನು ದತ್ತು ತೆಗೆದುಕೊಳ್ಳುವುದು ಮೇಲು, ಆಗ ಆರಿಸುವ ಅವಕಾಶವಾದರೂ ಇದೆ ಅನ್ನುತ್ತಾನೆ.

ಇವರಲ್ಲಿ ನನಗೆ ಮರೆಯಲಾಗದವಳು ಹಿಪಾರ್ಕಿಯಾ. ಇವಳು ಮದುವೆ ಬೇಡ ಅನ್ನಲಿಲ್ಲ, ಮದುವೆಯ ಜೊತೆ ಬರುವ ಮನೆತನ ಬೇಡ ಅಂದಳು. ಕ್ರಿ.ಪೂ. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ, ಮರೋನಿಯಾ ಊರಿನ ಶ್ರೀಮಂತ ಮನೆಯ ಮಗಳು. ಸಿನಿಕ್ ಪಂಥದ ಕ್ರೇಟಿಸ್‌ನನ್ನು ಮೆಚ್ಚಿದಳು. ಸಿನಿಕರು ಅಂದರೆ ಆಸ್ತಿ, ಮಾನಮರ್ಯಾದೆಯ ಕಟ್ಟು ಎಲ್ಲ ಬಿಟ್ಟು ಬೀದಿಯಲ್ಲೇ ಬದುಕುವ ತತ್ವಜ್ಞಾನಿಗಳು. ಬೇರೆ ಗಂಡು ತೋರಿಸಿದರೂ ಒಪ್ಪಲಿಲ್ಲ, ಸಾಯುತ್ತೇನೆ ಅಂದಳು. ಅಪ್ಪ ಅಮ್ಮ ಕ್ರೇಟಿಸ್‌ನನ್ನೇ ಕರೆದು ನೀನಾದರೂ ಬುದ್ಧಿ ಹೇಳು ಅಂದರು. ಅವನು ಹೇಳಿ ನೋಡಿದ. ಆಗಲಿಲ್ಲ. ಕೊನೆಗೆ ಮೈಮೇಲಿನ ಬಟ್ಟೆ ತೆಗೆದು, ಇವನೇ ಮದುಮಗ, ಇಷ್ಟೇ ಅವನ ಆಸ್ತಿ, ಈಗ ತೀರ್ಮಾನ ಮಾಡು ಅಂದ. ಅವಳು ಅವನ ಜೊತೆ ಹೊರಟಳು. ಅದೇ ಬಟ್ಟೆ, ಅದೇ ಅಲೆದಾಟ, ಅದೇ ಊಟದ ಪಂಕ್ತಿ.

ಒಂದು ಊಟದಲ್ಲಿ ಥಿಯೋಡೋರಸ್ ಅನ್ನುವವನು ಅವಳ ಜೊತೆ ವಾದದಲ್ಲಿ ಸೋತ. ಸೋತ ಸಿಟ್ಟಿಗೆ, ಮಗ್ಗ ಬಿಟ್ಟು ಬಂದವಳು ಇವಳೇನಾ ಅಂತ ಚುಚ್ಚಿದ. ಹೌದು ನಾನೇ, ಮಗ್ಗದ ಮುಂದೆ ಕಳೆಯಬೇಕಿದ್ದ ಹೊತ್ತನ್ನು ನನ್ನ ಓದಿಗೆ ಕೊಟ್ಟೆ, ಅದರಲ್ಲಿ ನನ್ನ ಬಗ್ಗೆ ನಾನು ತಪ್ಪು ತೀರ್ಮಾನ ಮಾಡಿದೆ ಅಂತ ನಿನಗೆ ಅನಿಸುತ್ತದಾ ಅಂತ ಅವಳು ಕೇಳಿದಳು. ಇಡೀ ಈ ಚರ್ಚೆಯಲ್ಲಿ ಹೆಂಗಸೊಬ್ಬಳು ತನ್ನ ಬದುಕಿನ ಬಗ್ಗೆ ತಾನೇ ಮಾತಾಡಿದ್ದು ನಮಗೆ ಕೇಳಿಸುವ ಅಪರೂಪದ ಜಾಗ ಇದು.

ಕಾಳಿನ ರಾಶಿಯೋ, ಬೆರೆತ ನೀರೋ

ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸ್‌ನಲ್ಲಿ ಸ್ಟೋಯಿಕ್ ಅನ್ನುವ ತತ್ವಜ್ಞಾನಿಗಳ ಪಂಥ ಹುಟ್ಟಿತು. ಅದನ್ನು ಕಟ್ಟಿದ ಝೀನೋ ಮೊದಲು ಪ್ಲೇಟೋ ದಾರಿಯಲ್ಲೇ ಹೋದ. ಜ್ಞಾನಿಗಳ ಊರಲ್ಲಿ ಮದುವೆ ಬೇಕಿಲ್ಲ ಅಂದ. ಆದರೆ ಮುಂದಿನವರು ತಿರುಗಿ ನಿಂತರು. ಕ್ರಿ.ಪೂ. ಎರಡನೇ ಶತಮಾನದ ಆಂಟಿಪಾಟರ್ ಒಂದು ಸುಂದರ ಹೋಲಿಕೆ ಕೊಟ್ಟ. ಬೇರೆ ಗೆಳೆತನಗಳು ಕಾಳಿನ ರಾಶಿಯ ಹಾಗೆ. ಒಟ್ಟಿಗಿದ್ದರೂ ಕಾಳು ಕಾಳೇ. ಗಂಡ ಹೆಂಡತಿಯ ಬಂಧ ನೀರು ದ್ರಾಕ್ಷಾರಸ ಬೆರೆತ ಹಾಗೆ. ಎಲ್ಲಿ ಇದು ಮುಗಿದು ಅದು ಶುರುವಾಯಿತು ಅಂತ ಬೇರ್ಪಡಿಸಲಾಗುವುದಿಲ್ಲ.

ರೋಮ್‌ನಲ್ಲಿ ಕ್ರಿ.ಶ. ಒಂದನೇ ಶತಮಾನದಲ್ಲಿ ಪಾಠ ಹೇಳಿದ ಮುಸೋನಿಯಸ್ ರೂಫಸ್ ಇನ್ನೂ ಮುಂದೆ ಹೋದ. ಅವನ ಪಾಠಗಳು ನಮಗೆ ಸಿಕ್ಕಿರುವುದು ಗ್ರೀಕ್ ಭಾಷೆಯಲ್ಲಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಓದು ಬೇಕು, ಅವರೂ ತತ್ವಶಾಸ್ತ್ರ ಕಲಿಯಬೇಕು ಅಂದ. ಮದುವೆಗೆ ಮಕ್ಕಳಾದರೆ ಸಾಲದು, ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಎಲ್ಲ ಸ್ಥಿತಿಯಲ್ಲೂ ನೋಡಿಕೊಳ್ಳಬೇಕು ಅಂದ. ಆಗಿನ ಕಾಲದಲ್ಲಿ ಯಜಮಾನ ಗುಲಾಮ ಹುಡುಗಿಯ ಜೊತೆ ಇದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಮುಸೋನಿಯಸ್ ಕೇಳಿದ: ಸರಿ, ಅದೇ ಕೆಲಸವನ್ನು ಯಜಮಾನಿ ಗುಲಾಮ ಹುಡುಗನ ಜೊತೆ ಮಾಡಿದರೆ ಒಪ್ಪುತ್ತೀರಾ? ಒಪ್ಪುವುದಿಲ್ಲ ಅಂದಮೇಲೆ ಗಂಡಸಿಗೂ ಅದೇ ನಿಯಮ.

ಕ್ರಿ.ಶ. ಎರಡನೇ ಶತಮಾನದ ಹಿಯೆರೋಕ್ಲೀಸ್ ಪ್ಲೇಟೋನ ಹಳೆಯ ಪ್ರಶ್ನೆಗೆ ಹೊಸ ಉತ್ತರ ಕೊಟ್ಟ. ಪ್ರತಿಯೊಬ್ಬರ ಸುತ್ತ ಬಳೆಬಳೆಯಾಗಿ ವೃತ್ತಗಳಿವೆ ಅಂದುಕೊಳ್ಳಿ. ಒಳಗೆ ನಾನು. ಅದರಾಚೆ ಅಪ್ಪ ಅಮ್ಮ, ಒಡಹುಟ್ಟಿದವರು, ಹೆಂಡತಿ ಮಕ್ಕಳು. ಅದರಾಚೆ ದೊಡ್ಡಪ್ಪ, ಅತ್ತೆ, ಅಜ್ಜ. ಆಮೇಲೆ ದೂರದ ನೆಂಟರು, ಕೇರಿಯವರು, ಊರವರು, ನಾಡಿನವರು, ಕೊನೆಗೆ ಎಲ್ಲ ಮನುಷ್ಯರು. ಒಳಗಿನ ವೃತ್ತವನ್ನು ಅಳಿಸುವುದು ಬೇಡ. ಹೊರಗಿನ ವೃತ್ತದವರನ್ನು ಒಂದೊಂದು ಹೆಜ್ಜೆ ಒಳಗೆ ಎಳೆದುಕೊಳ್ಳಿ. ಅದಕ್ಕೆ ಒಂದು ದಾರಿಯನ್ನೂ ಹೇಳಿಕೊಟ್ಟ: ಕರೆಯುವ ಹೆಸರನ್ನು ಬದಲಾಯಿಸಿ. ಅಪ್ಪನ ಅಣ್ಣತಮ್ಮಂದಿರನ್ನು ಅಪ್ಪ ಅನ್ನಿ, ಅಮ್ಮನ ಅಕ್ಕತಂಗಿಯರನ್ನು ಅಮ್ಮ ಅನ್ನಿ, ಅವರ ಮಕ್ಕಳನ್ನು ಅಣ್ಣ ತಮ್ಮ ಅನ್ನಿ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ. ಹಿಯೆರೋಕ್ಲೀಸ್ ಗ್ರೀಕರಿಗೆ ಕಷ್ಟಪಟ್ಟು ಕಲಿಸಲು ಹೊರಟದ್ದು ನಮ್ಮ ಭಾಷೆಯಲ್ಲಿ ಮಗು ಮಾತು ಕಲಿಯುವಾಗಲೇ ಬಂದುಬಿಡುತ್ತದೆ.

ಉಯಿಲಿನಲ್ಲಿ ಉಳಿದದ್ದು

ಇವರ ವಾದಗಳ ಜೊತೆಗೆ, ಅವರು ತಮ್ಮ ಮನೆಯವರಿಗೆ ಬರೆದಿಟ್ಟ ಕೆಲವು ಮಾತುಗಳೂ ಉಳಿದಿವೆ. ಗ್ರೀಕ್ ಲೇಖಕ ಪ್ಲೂಟಾರ್ಕ್ ಹೊಸ ದಂಪತಿಗೆ ಬುದ್ಧಿಮಾತು ಬರೆದವನು. ತುಂಡು ಜೋಡಿಸಿ ಮಾಡಿದ ಪಾತ್ರೆಗಳು ಮೊದಮೊದಲು ಸುಲಭವಾಗಿ ಬಿಟ್ಟುಕೊಳ್ಳುತ್ತವೆ, ಬೆಸುಗೆ ಗಟ್ಟಿಯಾದ ಮೇಲೆ ಬೆಂಕಿ ಕಬ್ಬಿಣಕ್ಕೂ ಜಗ್ಗುವುದಿಲ್ಲ ಅಂತ ಅದರಲ್ಲಿದೆ. ಎರಡು ವರ್ಷದ ಮಗಳು ತೀರಿಕೊಂಡಾಗ ಅವನು ದೂರದಿಂದ ಹೆಂಡತಿಗೆ ಬರೆದ ಪತ್ರವೂ ಇದೆ. ತನಗೆ ಎದೆಹಾಲು ಕುಡಿಸುತ್ತಿದ್ದ ದಾದಿಯನ್ನು, ಬೇರೆ ಮಕ್ಕಳಿಗೂ, ಕೊನೆಗೆ ಗೊಂಬೆಗಳಿಗೂ ಹಾಲು ಕೊಡು ಅಂತ ಆ ಮಗು ಕೇಳುತ್ತಿದ್ದುದನ್ನು ಅವನು ನೆನಪು ಮಾಡಿಕೊಳ್ಳುತ್ತಾನೆ. ಸಂಸಾರದ ಗೊಡವೆ ಬೇಡ ಅನ್ನುತ್ತಿದ್ದ ತತ್ವಜ್ಞಾನಿ ಎಪಿಕ್ಯೂರಸ್ ತನ್ನ ಉಯಿಲಿನಲ್ಲಿ ತೀರಿಹೋದ ಗೆಳೆಯ ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೊಳ್ಳಬೇಕು, ಮಗಳು ವಯಸ್ಸಿಗೆ ಬಂದಾಗ ವರದಕ್ಷಿಣೆ ಕೊಟ್ಟು ಮದುವೆ ಮಾಡಬೇಕು ಅಂತ ಬರೆಸಿದ.

ಅರಿಸ್ಟಾಟಲ್‌ನ ಉಯಿಲೂ ನಮಗೆ ಸಿಕ್ಕಿದೆ. ಹೆಂಡತಿ ಪೀಥಿಯಾಸ್ ಮೊದಲೇ ತೀರಿಕೊಂಡಿದ್ದಳು. ಆಮೇಲೆ ಅವನ ಜೊತೆ ಬಾಳಿದವಳು ಹೆರ್ಪಿಲ್ಲಿಸ್. ಅವಳು ನನ್ನನ್ನು ಪ್ರೀತಿಯಿಂದ ನೋಡಿಕೊಂಡಳು, ಅವಳಿಗೆ ಏನೂ ಕಡಿಮೆಯಾಗಬಾರದು ಅಂತ ಬರೆದಿದ್ದಾನೆ. ಅವಳು ಖಾಲ್ಕಿಸ್‌ನಲ್ಲೇ ಇರಲು ಬಯಸಿದರೆ ತೋಟದ ಪಕ್ಕದ ಮನೆ. ನನ್ನ ಹುಟ್ಟೂರು ಸ್ಟಗೀರಾ ಬೇಕಾದರೆ ನಮ್ಮ ಅಪ್ಪನ ಮನೆ. ಯಾವುದನ್ನು ಆರಿಸಿದರೂ ಅವಳಿಗೆ ಒಪ್ಪುವ ಸಾಮಾನು ಹಾಕಿಸಿ ಕೊಡಬೇಕು. ಮತ್ತೆ ಮದುವೆ ಆಗಬೇಕು ಅನಿಸಿದರೆ ಯೋಗ್ಯನಿಗೇ ಕೊಡಬೇಕು.

ತನ್ನ ಸಮಾಧಿಯ ಬಗ್ಗೆಯೂ ಒಂದು ಮಾತಿದೆ. ನನ್ನನ್ನು ಎಲ್ಲಿ ಮಣ್ಣು ಮಾಡುತ್ತೀರೋ ಅಲ್ಲಿಗೆ ಪೀಥಿಯಾಸ್‌ಳ ಅಸ್ಥಿಯನ್ನೂ ತಂದು ಇಡಿ, ಅವಳೇ ಹಾಗೆ ಕೇಳಿಕೊಂಡಿದ್ದಳು.